ಕಿರ್ದಿ, ಖತಾವಣಿ ಮತ್ತು ನಮ್ಮ ಫೋಲ್ಡರುಗಳು

ಕಂಪ್ಯೂಟರಿನಲ್ಲಿ ಫೈಲು ಇಟ್ಟುಕೊಳ್ಳುವ ವಿಷಯಕ್ಕೆ ಬಂದರೆ ಜನರಲ್ಲಿ ಮೂರು ಪಂಗಡ. ಮೊದಲನೆಯವರು ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು ಫೋಲ್ಡರು ಮಾಡಿ, ಪ್ರತಿಯೊಂದಕ್ಕೂ ಹೆಸರಿಟ್ಟು ನೆಮ್ಮದಿಯಾಗಿರುವವರು. ಎರಡನೆಯವರಿಗೆ ತಾರೀಖೇ ದೇವರು. ವರ್ಷಕ್ಕೊಂದು ಫೋಲ್ಡರು, ಆ ವರ್ಷದ ಮದುವೆ ಫೋಟೋ, ಕರೆಂಟು ಬಿಲ್ಲು, ಆಸ್ಪತ್ರೆ ರಿಪೋರ್ಟು ಎಲ್ಲ ಅದರಲ್ಲೇ. ಮೂರನೆಯವರು ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಸುರಿದು, ಬೇಕಾದಾಗ ಸರ್ಚ್ ಹೊಡೆಯುವವರು. ಮೂವರೂ ಒಬ್ಬರನ್ನೊಬ್ಬರು ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಗಂಡ ಒಂದು ಪಂಗಡ, ಹೆಂಡತಿ ಇನ್ನೊಂದು, ಮನೆಯಲ್ಲಿರುವುದು ಒಂದೇ ಕಂಪ್ಯೂಟರು ಅಂತಾದರೆ ಕೇಳುವುದೇ ಬೇಡ ಬಿಡಿ.

ಇದು ಕಂಪ್ಯೂಟರು ತಂದಿಟ್ಟ ಜಗಳ ಅನ್ನಿಸಬಹುದು. ಆದರೆ ನಾವು ಬಂದು ನೆಲೆಸಿರುವ ಈ ಪುಣೆಯಲ್ಲಿ, ವಿದ್ಯುತ್ತೂ ಇಲ್ಲದ ಕಾಲದಿಂದ ಇದೇ ಪ್ರಶ್ನೆ ಜನರನ್ನು ಕಾಡಿದೆ. ಅದಕ್ಕೆ ಸಾಕ್ಷಿ ಕೌನ್ಸಿಲ್ ಹಾಲ್ ಹತ್ತಿರ ಇಂದಿಗೂ ನಿಂತಿದೆ. ಸರಕಾರಿ ಹೆಸರು ಪುಣೆ ಪುರಾಲೇಖಾಗಾರ. ಊರವರ ಬಾಯಲ್ಲಿ 'ಪೇಶವೆ ದಫ್ತರ'. ಒಳಗೆ ಮೂವತ್ತು ಸಾವಿರಕ್ಕೂ ಹೆಚ್ಚು ರುಮಾಲುಗಳಿವೆ. ರುಮಾಲು ಅಂದರೆ ತಲೆಗೆ ಸುತ್ತುವುದಲ್ಲ, ಕಾಗದಗಳನ್ನು ಚೌಕದ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ಕಟ್ಟು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಒಂದೊಂದು ರುಮಾಲೂ ಒಂದೊಂದು ಫೋಲ್ಡರು. ಬಹುಪಾಲು ಕಾಗದಗಳು ಮರಾಠಿಯವು, ಮೋಡಿ ಲಿಪಿಯಲ್ಲಿ ಬರೆದಂಥವು.

ಬಟ್ಟೆಗೂ ಫೈಲಿಗೂ ನಮ್ಮಲ್ಲೂ ನಂಟಿದೆ ನೋಡಿ. ಕನ್ನಡದ ಕಂಪ್ಯೂಟರ್ ಪದಗಳಲ್ಲಿ ಫೈಲಿಗೆ ಕಡತ, ಫೋಲ್ಡರಿಗೆ ಕಡತಕೋಶ ಅನ್ನುತ್ತೇವಲ್ಲ, ಆ ಕಡತ ಮೂಲದಲ್ಲಿ ಬಟ್ಟೆಯೇ. ಉದ್ದನೆಯ ಬಟ್ಟೆಯ ಪಟ್ಟಿಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕರಿಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಮಠಗಳ ಲೆಕ್ಕ, ವ್ಯಾಪಾರಿಗಳ ಲೆಕ್ಕ ಎಲ್ಲ ಅದರಲ್ಲೇ. ಮೈಸೂರಿನಲ್ಲಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಪುಸ್ತಕದಲ್ಲಿ ಈ ಕಡತವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಕಡತದಲ್ಲಿ ಒಂದೇ ಒಂದು ಅಡಚಣೆ. ಅದು ಒಂದು ಉದ್ದನೆಯ ಪಟ್ಟಿ. ಬರೆದ ಸಾಲಿನಲ್ಲೇ ಓದಬೇಕು. ನಡುವಿನ ಹಾಳೆ ತೆಗೆದು ಬೇರೆ ಕಡೆ ಸೇರಿಸುವಂತಿಲ್ಲ. ಬಿಡಿ ಕಾಗದ ಬಂದ ಮೇಲೇ 'ಇದನ್ನು ಎಲ್ಲಿಡಲಿ' ಅನ್ನುವ ಪ್ರಶ್ನೆ ಜೋರಾದದ್ದು.

ಪೇಶವೆಗಳ ಹುಜೂರ್ ದಫ್ತರ ಆ ಪ್ರಶ್ನೆಗೆ ಕಂಡುಕೊಂಡ ಉತ್ತರ ಸ್ವಾರಸ್ಯವಾಗಿದೆ. ಇನ್ನೂರಕ್ಕೂ ಹೆಚ್ಚು ಕಾರಕೂನರು ಅಲ್ಲಿ ಕೆಲಸ ಮಾಡುತ್ತಿದ್ದರು ಅನ್ನುತ್ತಾರೆ ಇತಿಹಾಸಕಾರರು. ಅದರಲ್ಲಿ ಎರಡು ದೊಡ್ಡ ಭಾಗ. ಒಂದು 'ಚಾಲತೆ ದಫ್ತರ', ಅಂದರೆ ಸದ್ಯ ನಡೆಯುತ್ತಿರುವ ಕೆಲಸದ್ದು. ಇದು ನೇರವಾಗಿ ಫಡಣೀಸರ ಕೈಕೆಳಗೆ. ಸನದು, ಹುಕುಂ ಇಲ್ಲಿಂದ ಹೊರಡುತ್ತಿದ್ದವು, ಪ್ರಾಂತಗಳ ಲೆಕ್ಕ ಇಲ್ಲಿಗೆ ಬರುತ್ತಿತ್ತು. ಆ ದಿನ ಏನೇನಾಯಿತೋ ಅದೆಲ್ಲ 'ರೋಜಕೀರ್ದ'ದಲ್ಲಿ ದಾಖಲು. ಇನ್ನೊಂದು 'ಏಕ ಬೇರೀಜ ದಫ್ತರ'. ಕೆಲಸ ಮುಗಿದ ಲೆಕ್ಕಗಳೆಲ್ಲ ಕೊನೆಗೆ ಇಲ್ಲಿಗೆ ಬರುತ್ತಿದ್ದವು. ಇಲ್ಲಿನ ಕಾರಕೂನರು ಅವನ್ನು ವಿಂಗಡಿಸಿ, ಸಾರಾಂಶ ತೆಗೆದು, ಬಾಬುವಾರು 'ಖತಾವಣಿ' ಬರೆಯುತ್ತಿದ್ದರು.

ಕಿರ್ದಿ, ಖತಾವಣಿ. ಹುಬ್ಬಳ್ಳಿಯ ದಲಾಲಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಲೆಕ್ಕ ಬರೆದವರಿಗೆ ಈ ಎರಡು ಪದ ಬಿಡಿಸಿ ಹೇಳಬೇಕಿಲ್ಲ. ಕಿರ್ದಿ ತಾರೀಖಿನ ಪ್ರಕಾರ, ಖತಾವಣಿ ಖಾತೆಯ ಪ್ರಕಾರ. ಧಾರವಾಡದ ಕಡೆಯ ಒಂದು ಊರಿನಿಂದ ಹಣ ಬಂತು ಅನ್ನಿ. 'ಇವತ್ತು ಏನೇನು ಬಂತು' ಅಂತ ಕೇಳಿದರೆ ಕಿರ್ದಿ ನೋಡಬೇಕು. 'ಆ ಊರಿನಿಂದ ಈ ವರ್ಷ ಒಟ್ಟು ಎಷ್ಟು ಬಂತು' ಅಂತ ಕೇಳಿದರೆ ಖತಾವಣಿ ಬೇಕು. ಒಂದೇ ವ್ಯವಹಾರ, ಎರಡು ಕಡೆ ಬರಹ. ನಮ್ಮ ಮೂರು ಪಂಗಡಗಳಲ್ಲಿ ಮೊದಲೆರಡನ್ನೂ ದಫ್ತರ ಒಟ್ಟಿಗೇ ಸಮಾಧಾನ ಮಾಡಿತ್ತು. ಅದಕ್ಕೆ ತೆತ್ತ ಬೆಲೆ ಆ ಕಾರಕೂನರ ಸಂಬಳ, ಅವರ ಕಣ್ಣು, ಅವರ ಬೆರಳು.

ಹೀಗೆ ಅಚ್ಚುಕಟ್ಟಾಗಿದ್ದ ದಫ್ತರದಲ್ಲೂ ಒಂದು ತೂತಿತ್ತು. ಫಡಣೀಸರಲ್ಲೆಲ್ಲ ಹೆಸರಾದ ನಾನಾ ಫಡಣವೀಸ ದಫ್ತರದ ಪದ್ಧತಿಯನ್ನು ಸುಧಾರಿಸಿದವನು. ಆದರೆ ರಾಜಕಾರಣದ ಎಷ್ಟೋ ಪತ್ರಗಳು ಅವನ ಖಾಸಗಿ ಸಂಗ್ರಹವಾಗಿ ವಾಯಿ ಹತ್ತಿರದ ಮೇಣವಲಿಯ ವಾಡೆಯಲ್ಲಿ ಉಳಿದವು. ಆಫೀಸಿನ ಫೈಲು ಮನೆಯ ಲ್ಯಾಪ್‌ಟಾಪಿನಲ್ಲಿ ಉಳಿದ ಹಾಗೆ! ನಾನಾ 1800ರಲ್ಲಿ ತೀರಿಕೊಂಡ. ಅವನ ಹಿಂದೆ ಎರಡನೇ ಬಾಜೀರಾಯನ ಕಾಲದಲ್ಲಿ ದಫ್ತರ ಸಡಿಲವಾಯಿತು. ಬಂದವರು ಬೇಕಾದ ಕಾಗದ ಎತ್ತಿಕೊಂಡು ಹೋದರೂ ಕೇಳುವವರಿಲ್ಲ ಅನ್ನುವ ಸ್ಥಿತಿ. 1818ರಲ್ಲಿ ಪೇಶವಾಯಿ ಮುಗಿದಾಗ ಕಂಪನಿ ಸರಕಾರದ ಕೈಗೆ ಸಿಕ್ಕದ್ದು ಇಂಥ ದಫ್ತರ.

ಇಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮ ಕಡೆಯವರ ಹೊಟ್ಟೆಪಾಡೂ ಸೇರಿಕೊಳ್ಳುತ್ತದೆ. ಕಂಪನಿಗೆ ಮರಾಠರ ಇತಿಹಾಸ ಬೇಕಿರಲಿಲ್ಲ. ಯಾವ ಊರು, ಯಾವ ಹೊಲ ಯಾರಿಗೆ ಇನಾಮು? ಅದು ನಿಜವೋ ಸುಳ್ಳೋ? ಇಷ್ಟೇ ಅವರ ಪ್ರಶ್ನೆ. ಈ ಇನಾಮು ವಿಚಾರಣೆ 1843ರಲ್ಲಿ ಶುರುವಾದದ್ದು ಆಗ ದಕ್ಷಿಣ ಮರಾಠಾ ಪ್ರಾಂತ ಅನ್ನಿಸಿಕೊಂಡಿದ್ದ ಧಾರವಾಡ, ಬೆಳಗಾವಿ ಸೀಮೆಯಲ್ಲಿ. 1852ರ ಹನ್ನೊಂದನೇ ಕಾಯಿದೆಯಿಂದ ಇನಾಮ್ ಕಮಿಷನ್ನಿಗೆ ಬಲ ಬಂತು. ಅಜ್ಜ ಮುತ್ತಜ್ಜರ ಕಾಲದಿಂದ ಉಂಡು ಬಂದ ಇನಾಮು ಹೊಲದವನು ತನ್ನ ಸನದು ತೋರಿಸಬೇಕು, ಅದನ್ನು ಪುಣೆಯ ದಫ್ತರದ ಬರಹದ ಜೊತೆ ತಾಳೆ ನೋಡಬೇಕು. ರುಮಾಲಿನಲ್ಲಿ ಸಾಲು ಸಿಕ್ಕರೆ ಹೊಲ ಉಳಿಯಿತು, ಸಿಗದಿದ್ದರೆ ಕಷ್ಟ. ಕಾಗದ ಇದ್ದೂ ಬೇರೆ ಕಟ್ಟಿನಲ್ಲಿ ಸೇರಿಹೋಗಿದ್ದರೆ? ಇದ್ದೂ ಇಲ್ಲದ ಹಾಗೆ ತಾನೆ?

ಕಮಿಷನ್ನಿನವರು ದಫ್ತರವನ್ನು ಬಳಸಿದ್ದಷ್ಟೇ ಅಲ್ಲ, ಬೆಳೆಸಿದರು ಕೂಡ. ಹೊರಗಿನವರ ಹತ್ತಿರವಿದ್ದ ಕಾಗದಗಳನ್ನೂ ತಂದು ಕೂಡಿಹಾಕಿದರು. ಆ ಭಾಗಕ್ಕೆ 'ಜಮಾವ' ಅಂತಲೇ ಹೆಸರು. ಹೀಗೆ ಒಂದೇ ಸೂರಿನಡಿ ಹಲವು ಬುದ್ಧಿಗಳ ಜೋಡಣೆ ಸೇರಿಕೊಂಡಿತು. ರೋಜಕೀರ್ದ ತಾರೀಖಿನ ಪ್ರಕಾರ, ಪ್ರಾಂತ ಅಜಮಾಸ ಪ್ರಾಂತದ ಪ್ರಕಾರ, ಚಿಟ್ನೀಸಿಯಲ್ಲಿ ಪತ್ರವ್ಯವಹಾರ, ಪಾಗಾ ದಫ್ತರದಲ್ಲಿ ಕುದುರೆ ಪಡೆಯ ಲೆಕ್ಕ, ಜಮಾವದಲ್ಲಿ ಕಂಡಕಂಡಲ್ಲಿಂದ ಬಂದದ್ದು. ಇಡೀ ಕಚೇರಿಗೆ ಇಂಗ್ಲಿಷರು ಇಟ್ಟ ಹೆಸರು ಏಲಿಯನೇಷನ್ ಆಫೀಸ್. ಸರಕಾರ ಕಂದಾಯ ಬಿಟ್ಟುಕೊಟ್ಟ ಜಮೀನಿನ ಕಚೇರಿ ಅಂತ ಅರ್ಥ. ಒಂದು ರಾಜ್ಯದ ನೂರು ವರ್ಷದ ನೆನಪಿಗೆ ಅವರು ಕೊಟ್ಟ ಫೋಲ್ಡರ್ ಹೆಸರು ಇದು!

ಆಮೇಲೆ ಬಂದವರು ಇತಿಹಾಸಕಾರರು. ಇವರಲ್ಲೂ ಒಬ್ಬೊಬ್ಬರದು ಒಂದೊಂದು ರೀತಿ. ಗಣೇಶ ಚಿಮಣಾಜಿ ವಾಡ ಅವರು ರೋಜಕೀರ್ದಗಳಿಂದ ಆರಿಸಿದ ಬರಹಗಳು ಪೇಶವೆಗಳ ದಿನಚರಿ ಎಂಬ ಹೆಸರಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಅಚ್ಚಾದವು. ದಿನಚರಿ ಅಂತ ಹೆಸರು, ಆದರೆ ಒಳಗಿನ ಜೋಡಣೆ ವಿಷಯವಾರು: ಕಂದಾಯ, ನ್ಯಾಯ, ಹೀಗೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಇದೇ ಸಾಮಗ್ರಿಯ ಮೇಲೆ 1900ರಲ್ಲಿ ಮುಂಬಯಿಯಲ್ಲಿ ಪ್ರಬಂಧ ಓದಿ, ಯುದ್ಧ ಸಂಧಿಗಳಷ್ಟೇ ಇತಿಹಾಸವಲ್ಲ, ಜನಜೀವನವೂ ಈ ಕಾಗದಗಳಲ್ಲಿದೆ ಅನ್ನುವುದನ್ನು ತೋರಿಸಿದರು. ಮೀರಜದಲ್ಲಿ ಶಿಕ್ಷಕರಾಗಿದ್ದ ವಾಸುದೇವಶಾಸ್ತ್ರಿ ಖರೆ ಅವರು ಪಟವರ್ಧನರ ಮನೆತನದ ಪತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಅಚ್ಚು ಹಾಕುತ್ತ ಹೋದರು. ವಿ.ಕಾ. ರಾಜವಾಡೆಯವರಂತೂ ಊರೂರು ಅಲೆದು, ಹಳೇ ವಾಡೆಗಳ ಅಟ್ಟ ಹುಡುಕಿ, 1898ರಿಂದ ಶುರುಮಾಡಿ 22 ಸಂಪುಟ ಹೊರತಂದರು. ಪುಣೆಯ ಸದಾಶಿವ ಪೇಠೆಯಲ್ಲಿರುವ ಭಾರತ ಇತಿಹಾಸ ಸಂಶೋಧಕ ಮಂಡಳ 1910ರಲ್ಲಿ ಹುಟ್ಟಿದ್ದು ಅವರಿಂದಲೇ.

ಇಷ್ಟೆಲ್ಲ ಆದರೂ ಪೇಶವೆ ದಫ್ತರದ ಬಾಗಿಲು ಮಾತ್ರ ಸಲೀಸಾಗಿ ತೆರೆಯಲಿಲ್ಲ. ಅಲ್ಲಿದ್ದದ್ದು ಜಮೀನಿನ ಹಕ್ಕಿನ ಸಾಕ್ಷಿ. ಹೊರಗಿನವರನ್ನು ಬಿಡಲು ಸರಕಾರಕ್ಕೆ ಹಿಂಜರಿಕೆ. ಕೊನೆಗೆ ಮುಂಬಯಿ ಸರಕಾರ ಗೋವಿಂದ ಸಖಾರಾಮ ಸರದೇಸಾಯಿ ಅವರಿಗೆ ಕೆಲಸ ಒಪ್ಪಿಸಿತು. ಬಡೋದೆ ಸಂಸ್ಥಾನದ ಸೇವೆಯಿಂದ ನಿವೃತ್ತರಾಗಿದ್ದವರು ಅವರು. ಜೊತೆಗೆ ಬಂಗಾಳದ ಜದುನಾಥ ಸರ್ಕಾರರ ಬೆಂಬಲ. 1930ರಿಂದ 1934ರ ಒಳಗೆ 45 ಸಂಪುಟ ಬಂದವು. ಮೊದಲನೆಯದು ಉದಗೀರ ಯುದ್ಧ, ಎರಡನೆಯದು ಪಾಣಿಪತ. ಪೇಶವೆಗಳ ಕರ್ನಾಟಕದ ಸ್ವಾರಿಗಳಿಗೂ ಜಾಗ ಉಂಟು. ಓದುವವನಿಗೆ ದೊಡ್ಡ ಅನುಕೂಲ. ಆದರೆ ಯೋಚಿಸಿ ನೋಡಿ: ಒಂದೇ ಪತ್ರದಲ್ಲಿ ಯುದ್ಧದ ಸುದ್ದಿ, ಜೋಳದ ಧಾರಣೆ, ಮಗಳ ಮದುವೆ ಮೂರೂ ಇದ್ದರೆ? ಪುಸ್ತಕದಲ್ಲಿ ಅದು ಯುದ್ಧದ ಕೆಳಗೆ ಹೋಗುತ್ತದೆ. ಜೋಳದ ಧಾರಣೆ ಹುಡುಕುವವನು ಅದನ್ನು ತೆರೆಯುವುದೇ ಇಲ್ಲ.

ಇದೇ ತಕರಾರನ್ನು ಯೂರೋಪಿನ ದಫ್ತರದವರೂ ಎತ್ತಿದ್ದರು. ಒಂದು ಮೂಲದಿಂದ ಬಂದ ಕಾಗದಗಳನ್ನು ಒಟ್ಟಿಗೇ ಇಡಿ, ಬೇರೆಯದರ ಜೊತೆ ಬೆರೆಸಬೇಡಿ ಅಂತ ಫ್ರಾನ್ಸಿನಲ್ಲಿ 1841ರಲ್ಲೇ ಸುತ್ತೋಲೆ ಹೊರಟಿತ್ತು. 1898ರಲ್ಲಿ ಮೂವರು ಡಚ್ಚರು ಬರೆದ ಕೈಪಿಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆದವರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಅದನ್ನೇ ಕಾಪಾಡಿ ಅಂದಿತು. ಕಾಗದದ ಪಕ್ಕ ಯಾವ ಕಾಗದವಿತ್ತು ಅನ್ನುವುದೂ ಒಂದು ಮಾಹಿತಿಯೇ ಅನ್ನುವುದು ಅವರ ವಾದ.

ಈಗ ಕಂಪ್ಯೂಟರಿಗೆ ಬನ್ನಿ. ಫೋಲ್ಡರಿನೊಳಗೆ ಫೋಲ್ಡರು ಅನ್ನುವ ಮರದ ಕೊಂಬೆಯ ಏರ್ಪಾಡನ್ನು ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ 1965ರಲ್ಲಿ ಡೇಲಿ ಮತ್ತು ನ್ಯೂಮನ್ ವಿವರಿಸಿದರು. 1981ರ ಜೆರಾಕ್ಸ್ ಸ್ಟಾರ್ ಯಂತ್ರ ಅದಕ್ಕೆ ಮೇಜು, ರಟ್ಟಿನ ಫೋಲ್ಡರುಗಳ ಚಿತ್ರ ತೊಡಿಸಿತು. 1983ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಥಾಮಸ್ ಮಲೋನ್ ಎಂಬವರು ಆಫೀಸುಗಳಿಗೆ ಹೋಗಿ ಜನ ನಿಜವಾಗಿ ಮೇಜನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ನೋಡಿದರು. ಕೆಲವರು ಫೈಲು ಮಾಡುತ್ತಾರೆ, ಕೆಲವರು ರಾಶಿ ಹಾಕುತ್ತಾರೆ. ರಾಶಿ ಹಾಕುವುದು ಬರೀ ಸೋಮಾರಿತನದಿಂದಲ್ಲ. ಕಣ್ಣೆದುರು ಇದ್ದರೆ ಕೆಲಸ ನೆನಪಾಗುತ್ತದೆ, ಯಾವ ಹೆಸರಿನಡಿ ಇಡಬೇಕು ಅಂತ ತೀರ್ಮಾನಿಸುವುದೂ ಕಷ್ಟ, ಅದಕ್ಕೇ ರಾಶಿ. ಪೇಶವೆಗಳ 'ಚಾಲತೆ ದಫ್ತರ' ನೆನಪಾಗುವುದಿಲ್ಲವೇ? ಡೆಸ್ಕ್‌ಟಾಪಿನ ಮೇಲೆ ಸುರಿದುಕೊಂಡವರು ಚಾಲತೆ ದಫ್ತರದವರು, ಕೊಂಬೆ ಕೊಂಬೆಯಾಗಿ ಜೋಡಿಸುವವರು ಏಕ ಬೇರೀಜದವರು. ಒಂದಿಲ್ಲದೆ ಇನ್ನೊಂದು ನಡೆಯದು.

2004ರಲ್ಲಿ ಜಿಮೇಲ್ ಬಂದಾಗ ಫೋಲ್ಡರಿನ ಬದಲು ಲೇಬಲ್ ಕೊಟ್ಟಿತು. ಒಂದೇ ಪತ್ರಕ್ಕೆ ನಾಲ್ಕು ಲೇಬಲ್ ಅಂಟಿಸಬಹುದು. ಯುದ್ಧ, ಜೋಳ, ಮದುವೆ ಎಲ್ಲದರ ಕೆಳಗೂ ಅದೇ ಪತ್ರ ಸಿಗುತ್ತದೆ. ಕಾರಕೂನರು ಕೈಬೆರಳು ಸವೆಸಿ ಎರಡೆರಡು ಕಡೆ ಬರೆದದ್ದನ್ನು ಯಂತ್ರ ಕ್ಷಣದಲ್ಲಿ ಮಾಡುತ್ತದೆ. ಹಾಗಾದರೆ ಜಗಳ ಮುಗಿಯಿತಲ್ಲ?

ಮುಗಿದಿಲ್ಲ. ಯಾಕೆಂದರೆ ಇಟ್ಟವನಿಗೆ ಸಿಗುವುದು ಒಂದು, ಇಟ್ಟವನು ಇಲ್ಲದಾಗ ಇನ್ನೊಬ್ಬರಿಗೆ ಸಿಗುವುದು ಇನ್ನೊಂದು. ಸರ್ಚ್ ಮಾಡಲು ಏನಂತ ಹುಡುಕಬೇಕು ಅನ್ನುವುದಾದರೂ ಗೊತ್ತಿರಬೇಕು. ನಮ್ಮಂಥವರ ಮನೆಗಳನ್ನೇ ನೋಡಿ. ಊರಿನ ಹೊಲದ ಉತಾರ ಕನ್ನಡದಲ್ಲಿ, ಪುಣೆ ಕಡೆ ಜಾಗ ತೆಗೆದುಕೊಂಡಿದ್ದರೆ ಅದರ ಸಾತ್-ಬಾರಾ ಮರಾಠಿಯಲ್ಲಿ, ಬ್ಯಾಂಕಿನ ಕಾಗದ ಇಂಗ್ಲಿಷಿನಲ್ಲಿ. ಸ್ಕ್ಯಾನ್ ಮಾಡಿದ ಫೈಲಿಗೆ ಬರೀ ಅಂಕಿಯ ಹೆಸರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಮೋಡಿ ಓದಬಲ್ಲವರು ಬೆರಳೆಣಿಕೆಯಷ್ಟಾದಾಗ ದಫ್ತರಕ್ಕೆ ಬಂದ ಗತಿಯೇ ನಾಳೆ ನಮ್ಮ ಉತಾರಕ್ಕೂ ಬರಬಹುದು. ಕಾಗದ ಇರುತ್ತದೆ, ಹೊಲವೂ ಇರುತ್ತದೆ, ಎರಡನ್ನೂ ಸೇರಿಸುವವರು ಇರುವುದಿಲ್ಲ.

ಸರದೇಸಾಯಿಯವರ 45 ಸಂಪುಟಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು 1933ರಲ್ಲಿ ಅವರು ಸಿದ್ಧಪಡಿಸಿದ ಒಂದು ಕೈಪಿಡಿ. ದಫ್ತರದಲ್ಲಿ ಯಾವ ಯಾವ ವಿಭಾಗಗಳಿವೆ, ಒಂದೊಂದರಲ್ಲಿ ಯಾವ ಬಗೆಯ ಕಾಗದಗಳಿವೆ ಅಂತ ಹೇಳುವ ಪುಸ್ತಕ ಅದು. ನೂರು ವರ್ಷದಲ್ಲಿ ನಾಲ್ಕಾರು ಬುದ್ಧಿಗಳು ನಾಲ್ಕಾರು ರೀತಿ ಜೋಡಿಸಿದ್ದನ್ನು ಹೊರಗಿನಿಂದ ಬಂದವನಿಗೂ ದಾರಿ ತಿಳಿಯುವ ಹಾಗೆ ಮಾಡಿದ್ದು ಆ ಕೈಪಿಡಿ.

ಹಾಗಾಗಿ ಯಾರ ಪದ್ಧತಿ ಸರಿ ಅಂತ ಗಂಡ ಹೆಂಡತಿ ಜಗಳ ಆಡುವುದಿದ್ದರೆ ಆಡಿ, ನಾನು ನಡುವೆ ಬರುವುದಿಲ್ಲ. ತಾರೀಖಿನ ಪ್ರಕಾರವೋ ವಿಷಯದ ಪ್ರಕಾರವೋ ರಾಶಿಯೋ, ನಿಮ್ಮ ಇಷ್ಟ. ಆದರೆ ಕಂಪ್ಯೂಟರಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಒಂದು ಪುಟ ಬರೆದಿಡಿ: ಹೊಲದ ಕಾಗದ ಎಲ್ಲಿದೆ, ಮನೆಯದು ಎಲ್ಲಿದೆ, ಊರಿನಲ್ಲಿ ಯಾರನ್ನು ಕೇಳಬೇಕು. ಮಕ್ಕಳು ಓದಬಲ್ಲ ಭಾಷೆಯಲ್ಲಿ ಬರೆಯಿರಿ. ಹತ್ತು ಸಾಲು ಸಾಕು. ಒಂದು ಪ್ರತಿ ಕಾಗದದ ಮೇಲೂ ಇರಲಿ. ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿಟ್ಟರೂ ನಡೆದೀತು.