ಆಸ್ಟ್ರೇಲಿಯಾದ ಪತ್ತೇದಾರಿ ಕಥೆ ಮತ್ತು ಮನೆತನದ ಗುಟ್ಟು

ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ಓದುವುದು ನನ್ನ ಅಭ್ಯಾಸ. ಈಚಿನ ವರ್ಷಗಳಲ್ಲಿ ಆ ಹೊತ್ತೆಲ್ಲ ಆಸ್ಟ್ರೇಲಿಯಾದ ಕಾದಂಬರಿಗಳಿಗೇ ಹೋಗುತ್ತಿದೆ. ಜೇನ್ ಹಾರ್ಪರ್, ಲಿಯಾನ್ ಮೊರಿಯಾರ್ಟಿ, ಕೇಟ್ ಮಾರ್ಟನ್ ಎಲ್ಲರೂ ನನಗೆ ಇಷ್ಟ. ಕೊಲೆ ಮಾಡಿದವರು ಯಾರು ಎನ್ನುವುದಕ್ಕಿಂತ ಮನೆಯವರು ಏನನ್ನು ಮುಚ್ಚಿಟ್ಟಿದ್ದಾರೆ ಎನ್ನುವುದೇ ಇವರ ಪುಸ್ತಕಗಳಲ್ಲಿ ದೊಡ್ಡ ಪ್ರಶ್ನೆ. ಒಂದೇ ದೇಶದ ಇಷ್ಟು ಜನ ಲೇಖಕಿಯರಿಗೆ ಇದೇ ವಸ್ತು ಏಕೆ ಎಂದು ಹುಡುಕಲು ಹೊರಟರೆ ಆ ದೇಶದ ಚರಿತ್ರೆಗೇ ಹೋಗಬೇಕಾಗುತ್ತದೆ.

1788ರಿಂದ 1868ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ 1,60,000ಕ್ಕೂ ಹೆಚ್ಚು ಕೈದಿಗಳನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಅವರಲ್ಲಿ ಸುಮಾರು 25,000 ಮಂದಿ ಹೆಂಗಸರು. ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ, ಗೊತ್ತಿದ್ದ ಕಸುಬು ಎಲ್ಲವನ್ನೂ ಸರ್ಕಾರ ಬರೆದಿಟ್ಟಿತು. ಡೇಟಾಬೇಸ್‌ನಲ್ಲೇ ದಿನ ಕಳೆಯುವ ನನಗೆ ಈ ಅಚ್ಚುಕಟ್ಟುತನ ಕಂಡು ಬೆರಗೂ ಆಗುತ್ತದೆ, ಭಯವೂ ಆಗುತ್ತದೆ. ಕಡತದಲ್ಲಿ ಇಷ್ಟೆಲ್ಲ ಇದ್ದರೂ ಮನೆಗಳಲ್ಲಿ ಮಾತ್ರ ಮೌನ. ‘ಅಜ್ಜ ಕೈದಿಯಾಗಿ ಬಂದವನು’ ಎಂದು ಹೇಳಲು ಮಕ್ಕಳು ಮೊಮ್ಮಕ್ಕಳು ನಾಚುತ್ತಿದ್ದರು. ವ್ಯಾನ್ ಡೀಮನ್ಸ್ ಲ್ಯಾಂಡ್ ಎಂಬ ಇಡೀ ದ್ವೀಪ ಆ ಕಳಂಕ ತೊಳೆದುಕೊಳ್ಳಲೆಂದೇ 1856ರಲ್ಲಿ ಟ್ಯಾಸ್ಮೇನಿಯಾ ಎಂದು ಹೆಸರು ಬದಲಿಸಿಕೊಂಡಿತು!

ಅಲ್ಲಿನ ಮೊದಲ ಜನಪ್ರಿಯ ಪತ್ತೇದಾರಿ ಕಾದಂಬರಿ ಫರ್ಗಸ್ ಹ್ಯೂಮ್ 1886ರಲ್ಲಿ ಮೆಲ್ಬರ್ನ್‌ನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ‘ದ ಮಿಸ್ಟರಿ ಆಫ್ ಎ ಹ್ಯಾನ್ಸಮ್ ಕ್ಯಾಬ್’. ಲಂಡನ್ನಿನಲ್ಲೂ ಅದು ಭರ್ಜರಿಯಾಗಿ ಮಾರಾಟವಾಯಿತು. ಹಕ್ಕನ್ನು ಬರೀ 50 ಪೌಂಡಿಗೆ ಮಾರಿದ್ದ ಹ್ಯೂಮ್‌ಗೆ ಆ ದುಡ್ಡು ದಕ್ಕಲಿಲ್ಲ. ಶ್ರೀಮಂತ ಮನೆಯೊಂದರ ಮುಚ್ಚಿಟ್ಟ ಹಳೆಯ ಮದುವೆಯೇ ಆ ಕಥೆಯ ತಿರುಳು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅವನಿಗಿಂತ ಮೊದಲೇ ಬರೆಯುತ್ತಿದ್ದ ಹೆಂಗಸಿನ ಬಳಿ. ‘ಆಸ್ಟ್ರೇಲಿಯನ್ ಜರ್ನಲ್’ ಪತ್ರಿಕೆಯಲ್ಲಿ 1868ರಿಂದ 1908ರವರೆಗೆ, ನಲವತ್ತು ವರ್ಷ, ‘ದ ಡಿಟೆಕ್ಟಿವ್ಸ್ ಆಲ್ಬಮ್’ ಎಂಬ ಮಾಲೆ ಬಂತು. ಐನೂರಕ್ಕೂ ಹೆಚ್ಚು ಕಥೆಗಳು. ಕೆಳಗೆ ಸಹಿ ‘ಡಬ್ಲ್ಯು. ಡಬ್ಲ್ಯು.’ ಅಷ್ಟೇ. ಇವು ‘ವೈಫ್ ವಾಂಡರ್’ ಎಂಬ ಕಾವ್ಯನಾಮದ ಮೊದಲಕ್ಷರಗಳು. ಹೆಂಡತಿ ಅಲ್ಲ, ಇಲ್ಲಿ ವೈಫ್ ಎಂದರೆ ದಿಕ್ಕಿಲ್ಲದ ಮಗು. ಅದನ್ನು ಬರೆಯುತ್ತಿದ್ದವಳು ಮೇರಿ ಫಾರ್ಚೂನ್ ಎಂದು ಹೊರಜಗತ್ತಿಗೆ ತಿಳಿದದ್ದು 1950ರ ದಶಕದಲ್ಲಿ, ಪುಸ್ತಕ ಸಂಗ್ರಾಹಕರೊಬ್ಬರಿಂದ.

ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಮೇರಿ 1855ರಲ್ಲಿ ಪುಟ್ಟ ಮಗನನ್ನು ಕರೆದುಕೊಂಡು, ಗಂಡನನ್ನು ಹಿಂದೆ ಬಿಟ್ಟು, ವಿಕ್ಟೋರಿಯಾದ ಚಿನ್ನದ ಗಣಿ ಪ್ರದೇಶಕ್ಕೆ ಬಂದಳು. ಮರುವರ್ಷ ಎರಡನೆಯ ಮಗ. ಮೊದಲ ಮಗ ಎಳವೆಯಲ್ಲೇ ತೀರಿಕೊಂಡ. 1858ರಲ್ಲಿ, ಕೆನಡಾದ ಗಂಡ ಇನ್ನೂ ಬದುಕಿರುವಾಗಲೇ, ವಿಧವೆ ಎಂದು ಹೇಳಿಕೊಂಡು ಒಬ್ಬ ಪೊಲೀಸನನ್ನು ಮದುವೆಯಾದಳು. ಆ ಮದುವೆ ಬಾಳಲಿಲ್ಲ, ಪೊಲೀಸರ ರೀತಿನೀತಿ ಮಾತ್ರ ಅವಳ ಕಥೆಗಳಿಗೆ ದಕ್ಕಿತು. ಗಣಿ ಊರಿನ ಪತ್ರಿಕೆಯೊಂದು ಅವಳ ಬರಹ ಮೆಚ್ಚಿ ಉಪಸಂಪಾದಕನ ಕೆಲಸ ಕೊಡಲು ಮುಂದಾಯಿತು. ಬರೆದವರು ಹೆಂಗಸೆಂದು ಗೊತ್ತಾದಾಗ ಹಿಂದೆ ಸರಿಯಿತು. ಉಳಿದ ಮಗ ಜಾರ್ಜ್ ಬೆಳೆದು ಕಳ್ಳನಾಗಿ ಜೈಲು ಸೇರಿದ. ಮಗ ಜೈಲಿನಲ್ಲಿರುವಾಗ ತಾಯಿ ಕಳ್ಳರನ್ನು ಹಿಡಿಯುವ ಕಥೆ ಬರೆದು ಹೊಟ್ಟೆ ಹೊರೆಯುತ್ತಿದ್ದಳು. ಅವಳು ಸತ್ತದ್ದು 1911ರಲ್ಲಿ ಎಂದು ಪತ್ತೆಹಚ್ಚಲು ಸಂಶೋಧಕಿ ಲೂಸಿ ಸಸೆಕ್ಸ್ ವರ್ಷಗಟ್ಟಲೆ ದಾಖಲೆ ಹುಡುಕಬೇಕಾಯಿತು.

ಎರಡು ಮದುವೆ, ಜೈಲಿನ ಮಗ, ಹೆಸರಿಲ್ಲದ ಸಹಿ. ಇವತ್ತಿನ ಕಾದಂಬರಿಯಲ್ಲಿ ಇಷ್ಟೂ ಬಂದರೆ ಅತಿಯಾಯಿತು ಎನ್ನುತ್ತೇವೆ.

ಇಪ್ಪತ್ತನೆಯ ಶತಮಾನದಲ್ಲಿ ಗುಟ್ಟುಗಳು ಮನೆಯಿಂದ ಸರ್ಕಾರದ ಮಟ್ಟಕ್ಕೇರಿದವು. ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡರು. ಬ್ರಿಟನ್ನಿನ ಅನಾಥಾಲಯಗಳಿಂದ ಮಕ್ಕಳನ್ನು ತಂದರು. ತಂದೆ ತಾಯಿ ಬದುಕಿದ್ದರೂ ಸತ್ತರೆಂದು ಎಷ್ಟೋ ಮಕ್ಕಳಿಗೆ ಸುಳ್ಳು ಹೇಳಿದರು. ಮದುವೆಯಾಗದೆ ಹೆತ್ತ ಹುಡುಗಿಯರ ಕೂಸುಗಳನ್ನು ಬಲವಂತವಾಗಿ ದತ್ತು ಕೊಟ್ಟರು. ಈ ಮೂರಕ್ಕೂ ಆಸ್ಟ್ರೇಲಿಯಾದ ಪ್ರಧಾನಿಗಳು ಕ್ರಮವಾಗಿ 2008, 2009 ಮತ್ತು 2013ರಲ್ಲಿ ಕ್ಷಮೆ ಕೇಳಿದರು. ಮಾರ್ಟನ್‌ರ ‘ದ ಫರ್ಗಾಟನ್ ಗಾರ್ಡನ್’ ಬಂದದ್ದೂ 2008ರಲ್ಲೇ. 1913ರಲ್ಲಿ ಇಂಗ್ಲೆಂಡಿನ ಹಡಗಿನಿಂದ ಒಬ್ಬಳೇ ಇಳಿದ ಪುಟ್ಟ ಹುಡುಗಿ ತಾನು ಸಾಕುಮಗಳೆಂದು ಇಪ್ಪತ್ತೊಂದನೆಯ ಹುಟ್ಟುಹಬ್ಬದಂದು ತಿಳಿದುಕೊಳ್ಳುವ ಕಥೆ ಅದು. ಕೇಟ್ ಗ್ರೆನ್‌ವಿಲ್ ತಮ್ಮ ವಂಶದ ಕೈದಿ ಪೂರ್ವಜನ ಜಾಡು ಹಿಡಿದು ಹೋಗಿ ಬರೆದದ್ದು ‘ದ ಸೀಕ್ರೆಟ್ ರಿವರ್’. ಅಲ್ಲಿ ಹಳೆಯ ಕಳ್ಳತನ ಸಣ್ಣ ಗುಟ್ಟು. ಅವನು ತನ್ನದೆಂದುಕೊಂಡ ನೆಲ ಯಾರದಾಗಿತ್ತು ಎನ್ನುವುದೇ ದೊಡ್ಡದು.

ನಮ್ಮಲ್ಲೂ ಎಂ.ಕೆ. ಇಂದಿರಾ ತಮ್ಮ ಬಂಧುವರ್ಗದ ಬಾಲವಿಧವೆಯೊಬ್ಬರ ಬದುಕಿನಿಂದಲೇ ‘ಫಣಿಯಮ್ಮ’ ಬರೆದರಲ್ಲ! ನಮ್ಮ ಎಷ್ಟೋ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ಅಂಥವರ ಕಥೆ ಅಡುಗೆಮನೆಯ ಪಿಸುಮಾತಿನಲ್ಲಿ ಮಾತ್ರ ಉಳಿದಿರುತ್ತದೆ.

ಓದಬೇಕೆನಿಸಿದವರು ಹಾರ್ಪರ್‌ರ ‘ದ ಡ್ರೈ’ಯಿಂದ ಶುರುಮಾಡಿ, ಬರಗಾಲದ ಊರಿನ ಚಿತ್ರ ನಮಗೆ ಹೊಸದೇನಲ್ಲ. ಹ್ಯೂಮ್‌ನ ಕಾದಂಬರಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೇರಿ ಫಾರ್ಚೂನ್‌ಳ ಕಥೆ ಸಿಕ್ಕರಂತೂ ಬಿಡಬೇಡಿ.