ಪ್ರದ್ಯುಮನ್ ಸತ್ತರೆ ಹಾರೋಹಳ್ಳಿಗೇನು?

2025ರ ಏಪ್ರಿಲ್ ಮೊದಲ ವಾರ ಎಸಿಪಿ ಪ್ರದ್ಯುಮನ್ ತೀರಿಕೊಂಡರು. ಗಾಬರಿ ಬೇಡ, ಸತ್ತದ್ದು ಸೋನಿ ಟಿವಿಯ ‘ಸಿಐಡಿ’ ಧಾರಾವಾಹಿಯಲ್ಲಿ, ಬಾಂಬ್ ಸಿಡಿದು. ಆ ಪಾತ್ರ ಮಾಡುವ ಶಿವಾಜಿ ಸಾಟಂ ಚೆನ್ನಾಗಿಯೇ ಇದ್ದರು. ವಾಹಿನಿಯವರು ಮಾತ್ರ ಪಾತ್ರದ ಫೋಟೊ ಹಾಕಿ ಶ್ರದ್ಧಾಂಜಲಿಯನ್ನೂ ಸಲ್ಲಿಸಿಬಿಟ್ಟರು. ಆ ಕುರ್ಚಿಗೆ ಪಾರ್ಥ್ ಸಮಥಾನ್ ಎಂಬ ಯುವ ನಟ ಎಸಿಪಿ ಆಯುಷ್ಮಾನ್ ಆಗಿ ಬಂದರು. ನೋಡುಗರು ಒಪ್ಪಲಿಲ್ಲ. ಪ್ರದ್ಯುಮನ್ ಇಲ್ಲದ ಸಿಐಡಿ ಸಿಐಡಿಯೇ ಅಲ್ಲ ಅಂತ ದೇಶದ ತುಂಬ ಗಲಾಟೆ ಎದ್ದಿತು. ಆಮೇಲೆ ಅದೇ ಸೀಸನ್‌ನಲ್ಲಿ ಸತ್ತವರು ಎದ್ದು ಬಂದರು.

ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ ಕೂತು ರೇಷ್ಮೆ ಗೂಡಿನ ರೇಟು ನೋಡುವ ನಮಗೆ ಮುಂಬೈಯ ಈ ಸಾವಿನಿಂದ ಏನಾಗಬೇಕು? ಆದರೆ ಆಯಿತು. ಟೀ ಅಂಗಡಿಯಲ್ಲಿ ಮೂರು ದಿನ ಅದೇ ಮಾತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಮುಗಿಸಿ ಬಂದ ಹುಡುಗರು ‘ಎಲ್ಲ ಟಿಆರ್‌ಪಿಗೆ ಕಣಣ್ಣ’ ಅಂದರು. ನಮ್ಮ ಚಿಕ್ಕಮ್ಮ ಹುಳುವಿಗೆ ಸೊಪ್ಪು ಹಾಕುತ್ತಲೇ ಅಂದದ್ದು ಬೇರೆ: ‘ಮನೆ ಹಿರೀಕನ್ನ ಹಿಂಗ್ ಕಳಿಸ್‌ಬುಡ್ತಾರೇನ್ಲಾ, ಯಾರನ್ನೂ ಒಂದ್ ಮಾತ್ ಕೇಳ್ದೆ?’

ಕೇಳಬೇಕಾಗಿತ್ತಾ? ಯಾರನ್ನ? ಕಥೆ ಬರೆದವರದ್ದೋ, ದುಡ್ಡು ಹಾಕಿದವರದ್ದೋ, ಇಪ್ಪತ್ತು ವರ್ಷ ಕೂತು ನೋಡಿದವರದ್ದೋ? ಅಪರಾಧದ ಕಥೆಗಳ ಚರಿತ್ರೆಯಲ್ಲಿ ಈ ಜಗಳ ಹಳೆಯದು, ಅದರ ಒಂದು ಅಧ್ಯಾಯ ನಮ್ಮ ಜಿಲ್ಲೆಯಲ್ಲೇ ನಡೆದಿದೆ. ಅದಕ್ಕೇ ಈ ಲೇಖನ.

ಮೊದಲ ದೊಡ್ಡ ಗಲಾಟೆ ಲಂಡನ್ನಿನದು. 1893ರ ಡಿಸೆಂಬರ್‌ನಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಷೆರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದಕ್ಕೆ ಬೀಳಿಸಿ ಕೈತೊಳೆದುಕೊಂಡ. ಅವನಿಗೆ ಐತಿಹಾಸಿಕ ಕಾದಂಬರಿ ಬರೆಯುವ ಆಸೆ, ಪತ್ತೇದಾರ ಅಡ್ಡ ಬರುತ್ತಿದ್ದ. ಓದುಗರು ಬಿಡಲಿಲ್ಲ. ಕಥೆ ಅಚ್ಚಾಗುತ್ತಿದ್ದ ‘ಸ್ಟ್ರಾಂಡ್’ ಪತ್ರಿಕೆಗೆ ಇಪ್ಪತ್ತು ಸಾವಿರ ಮಂದಿ ಚಂದಾ ನಿಲ್ಲಿಸಿದರು ಅಂತ ಹೇಳುತ್ತಾರೆ. 1903ರಲ್ಲಿ ಹೋಮ್ಸ್ ಬದುಕಿ ಬಂದ. ಅಂದರೆ ಹತ್ತು ವರ್ಷ ಬೇಕಾಯಿತು. ನಮ್ಮ ಪ್ರದ್ಯುಮನ್‌ಗೆ ಹತ್ತು ವಾರ ಕೂಡ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ.

ಕನ್ನಡದಲ್ಲಿ ಈ ನಂಟು ಶುರು ಮಾಡಿಸಿದವರಲ್ಲಿ ದೊಡ್ಡ ಹೆಸರು ಎನ್. ನರಸಿಂಹಯ್ಯನವರದು. ಅವರ ‘ಪತ್ತೇದಾರ ಪುರುಷೋತ್ತಮ’ ಬಂದದ್ದು 1952ರಲ್ಲಿ. ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ ಅಂತ ಅವರ ಪತ್ತೇದಾರರಿಗೆಲ್ಲ ನಮ್ಮ ಪಕ್ಕದ ಮನೆಯ ಹೆಸರುಗಳು. ಸಾಹಿತಿಗಳು ಈ ಪುಸ್ತಕಗಳ ಬಗ್ಗೆ ಮೂಗು ಮುರಿದರು, ಜನ ಬಾಡಿಗೆ ಲೈಬ್ರರಿಯಲ್ಲಿ ಸಾಲು ನಿಂತರು. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಪುಸ್ತಕವನ್ನು ಒಬ್ಬರು ಜೋರಾಗಿ ಓದುವುದು, ಉಳಿದವರು ಜಗುಲಿ ಮೇಲೆ ಕೂತು ಕೇಳುವುದು ಹಳ್ಳಿಗಳಲ್ಲಿ ಇದ್ದದ್ದೇ. ಓದಲು ಬಾರದವರೂ ಪುರುಷೋತ್ತಮನ ‘ಓದುಗ’ರೇ ಆಗಿದ್ದರು.

ಈಗ ನಮ್ಮ ಜಿಲ್ಲೆಗೆ ಬನ್ನಿ. 1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಚಿತ್ರೀಕರಣ ಶುರುವಾಯಿತು. ರಾಮಗಢ ಅನ್ನೋ ಹಳ್ಳಿಯನ್ನೇ ಅಲ್ಲಿ ಕಟ್ಟಿದ್ದರು. ಬಂಡೆ ತೋರಿಸಿ ‘ಇಲ್ಲೇ ಗಬ್ಬರ್ ಕೂತಿದ್ದ’ ಅಂತ ನೆಂಟರಿಗೆ ಹೇಳದ ರಾಮನಗರದವರು ಸಿಕ್ಕುವುದು ಕಷ್ಟ. ಆದರೆ ಅದರ ಕೊನೆಯ ದೃಶ್ಯದ ಕಥೆ ಅಷ್ಟಾಗಿ ಯಾರೂ ಹೇಳಲ್ಲ. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಠಾಕೂರ್ ಗಬ್ಬರನನ್ನು ಮೊಳೆಯಿದ್ದ ಕಾಲಿನಿಂದ ತುಳಿದು ಕೊಂದೇ ಬಿಡುತ್ತಾನೆ. 1975, ತುರ್ತು ಪರಿಸ್ಥಿತಿಯ ಕಾಲ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಠಾಕೂರ್ ಮಾಜಿ ಪೊಲೀಸ್ ಅಧಿಕಾರಿ, ಅವನೇ ಕಾನೂನು ಕೈಗೆ ತಗೊಂಡರೆ ಹೇಗೆ? ಕೊನೆ ಗಳಿಗೆಯಲ್ಲಿ ಪೊಲೀಸರು ಬಂದು ತಡೆಯುವ ದೃಶ್ಯ ಮತ್ತೆ ಚಿತ್ರೀಕರಿಸಿ ಆಗಸ್ಟ್ 15ಕ್ಕೆ ಬಿಡುಗಡೆ ಮಾಡಿದರು. ಐವತ್ತು ವರ್ಷ ನಾವು ನೋಡಿದ್ದು ಅದನ್ನೇ. ಮೂಲ ಅಂತ್ಯ ಸೇರಿಸಿ ದುರಸ್ತಿ ಮಾಡಿದ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೆರೆ ಕಂಡಿತು.

ಇಲ್ಲಿ ಒಂದು ತಮಾಷೆ ಗಮನಿಸಿ. ಸಾವಿರಾರು ಜನರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕುತ್ತಿದ್ದ ಕಾಲದಲ್ಲೇ, ಗಬ್ಬರ್‌ಗೆ ಮಾತ್ರ ಕಾನೂನು ಪ್ರಕಾರ ಶಿಕ್ಷೆ ಆಗಲಿ ಅಂತ ಮಂಡಳಿ ಹಟ ಹಿಡಿಯಿತು. ತೆರೆಯ ಮೇಲೆ ಪೊಲೀಸರು ಸರಿಯಾದ ಹೊತ್ತಿಗೆ ಬಂದರೆ ಸಾಕು ಅನ್ನುವ ಲೆಕ್ಕ ಅದು.

ಟಿವಿ ಬಂದ ಮೇಲೆ ಕನ್ನಡ ಈ ಕಥೆಗಳನ್ನು ತನ್ನದೇ ರೀತಿಯಲ್ಲಿ ಹೇಳಿತು. 1990ರ ಆಸುಪಾಸು ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬರುವ ಹೊತ್ತಿಗೆ ಬೀದಿ ಖಾಲಿ. ಹದಿಮೂರೇ ಕಂತು, ಅದರ ಶೀರ್ಷಿಕೆ ಗೀತೆ ಕೇಳಿದರೆ ನಮ್ಮ ವಯಸ್ಸಿನವರಿಗೆ ಇವತ್ತೂ ಬೆನ್ನ ಮೇಲೆ ಚಳಿ ಓಡುತ್ತೆ. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಯಾಗಿ ‘ಮಾಯಾಮೃಗ’ ಮಾಡಿದರು. ಮುಂದೆ ಸೀತಾರಾಂ ‘ಮುಕ್ತ’ದಲ್ಲಿ ವಕೀಲ ಸಿ.ಎಸ್.ಪಿ. ಆಗಿ ಕರಿ ಕೋಟು ಹಾಕಿದಾಗ ನ್ಯಾಯಾಲಯ ನಮ್ಮ ನಡುಮನೆಗೇ ಬಂತು. ವಾರಗಟ್ಟಲೆ ಪಾಟೀಸವಾಲು! ‘ನಾಳೆ ಸಿ.ಎಸ್.ಪಿ. ಏನ್ ಕೇಳ್ತಾರೆ’ ಅಂತ ಅಡುಗೆ ಮನೆಯಲ್ಲಿ ಚರ್ಚೆ. ಸಾಕ್ಷಿ ಅಂದರೇನು, ಒಂದು ತಪ್ಪು ಹೇಳಿಕೆ ಇಡೀ ಕೇಸನ್ನು ಹೇಗೆ ಕೆಡಿಸುತ್ತೆ ಅಂತ ನಮ್ಮ ಮನೆಯ ಹೆಂಗಸರು ಕಲಿತದ್ದು ಅಲ್ಲಿಂದ. ಇನ್ನೊಂದು ಕಡೆ ರವಿ ಬೆಳಗೆರೆ ಈಟಿವಿಯಲ್ಲಿ ‘ಕ್ರೈಂ ಡೈರಿ’ ಶುರು ಮಾಡಿದರು. ಅಲ್ಲಿ ಕಟ್ಟುಕಥೆ ಇಲ್ಲ, ನಡೆದ ಕೊಲೆ, ನಿಜವಾದ ಊರು. ಅದನ್ನು ನೋಡಿದ ರಾತ್ರಿ ನಮ್ಮಜ್ಜಿ ಹಿತ್ತಲ ಬಾಗಿಲ ಅಗುಳಿಯನ್ನು ಎರಡು ಸಲ ನೋಡಿ ಬರುತ್ತಿದ್ದರು.

ಸಿಐಡಿ ಮೊದಲು ಪ್ರಸಾರವಾದದ್ದೂ ಅದೇ 1998ರ ಜನವರಿಯಲ್ಲಿ. 2018ರ ಅಕ್ಟೋಬರ್‌ವರೆಗೆ ಓಡಿತು, ಒಂದೂವರೆ ಸಾವಿರಕ್ಕೂ ಹೆಚ್ಚು ಕಂತು. ಹಿಂದಿ ಬರದ ಮನೆಗಳಲ್ಲಿ ಅದು ಹೇಗೆ ಹೊಕ್ಕಿತು ಅನ್ನೋದೇ ಸೋಜಿಗ. ಆಗ ಕನ್ನಡಕ್ಕೆ ಡಬ್ಬಿಂಗ್ ಇರಲಿಲ್ಲ. 2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂತು, ಇಲ್ಲಿ ಕನ್ನಡದಲ್ಲಿ ಬರಲು ಬಿಡಲಿಲ್ಲ. ಡಬ್ಬಿಂಗ್ ಧಾರಾವಾಹಿಗಳಿಗೆ ಬಾಗಿಲು ಪೂರ್ತಿ ತೆರೆದದ್ದು 2020ರ ಲಾಕ್‌ಡೌನ್‌ನಲ್ಲಿ ‘ಮಹಾಭಾರತ’ ಕನ್ನಡ ಮಾತಾಡಿದ ಮೇಲೆ. ಅಲ್ಲಿವರೆಗೆ ಸಿಐಡಿಗೆ ನಮ್ಮ ಬೀದಿಯ ದುಭಾಷಿ ರೀಲಿಂಗ್ ಮಾಡೋ ಮನೆಯ ಹುಡುಗ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಸಾಳುಂಕೆ ಡಾಕ್ಟರು ಹೇಳಿದ್ದನ್ನು ಅವನು ಕನ್ನಡಕ್ಕೆ ತಿರುಗಿಸುವಾಗ ತನ್ನದೂ ನಾಲ್ಕು ಮಾತು ಸೇರಿಸುತ್ತಿದ್ದ. ನಾಲ್ಕನೇ ಜ್ವರ ಎದ್ದ ಹುಳು ರಾತ್ರಿಯೆಲ್ಲ ಮೇಯುತ್ತೆ, ನಿದ್ದೆಗೆಡಲೇಬೇಕು. ಹತ್ತು ಗಂಟೆಗೆ ಸೊಪ್ಪು ಹಾಕಿ ಬಂದು ಸಿಐಡಿ ನೋಡೋದು ಬೆಳೆಯ ಲೆಕ್ಕದಲ್ಲೇ ಸೇರಿಹೋಯಿತು.

ಇನ್ನು ಬಾಗಿಲು ಒಡೆಯುವ ದಯಾ ನಮ್ಮವನೇ ಅನ್ನೋ ಹೆಮ್ಮೆ ಬೇರೆ. ದಯಾನಂದ ಶೆಟ್ಟಿ ಉಡುಪಿ ಕಡೆಯ ಕಟಪಾಡಿಯವರು, ನಟನೆಗೆ ಬರುವ ಮೊದಲು ಗುಂಡು ಎಸೆತ, ಚಕ್ರ ಎಸೆತದ ಆಟಗಾರ. 2024ರ ಡಿಸೆಂಬರ್ 21ರಂದು ಆರು ವರ್ಷದ ಮೇಲೆ ಹೊಸ ಸೀಸನ್ ಶುರುವಾಗುವ ಮುನ್ನ, ಅಭಿಜೀತ್ ಅದೇ ದಯಾ ಮೇಲೆ ಗುಂಡು ಹಾರಿಸುವ ಪ್ರೋಮೊ ಬಿಟ್ಟಾಗ ನಮ್ಮ ಹುಡುಗರು ಮುನಿಸಿಕೊಂಡರು. ಅಣ್ಣತಮ್ಮಂದಿರ ಹಾಗಿದ್ದವರನ್ನು ಯಾಕೆ ಕಾದಾಡಿಸಬೇಕು? ಆಮೇಲೆ ನಾಲ್ಕೇ ತಿಂಗಳಿಗೆ ಪ್ರದ್ಯುಮನ್ ಸಾವು.

ಇಷ್ಟು ಸಿಟ್ಟು ಯಾಕೆ ಅನ್ನೋದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಚಿಕ್ಕಪ್ಪನ ಒಂದು ಮಾತಿನಲ್ಲಿ. ಹದಿನೈದು ವರ್ಷದ ಹಿಂದೆ ಅವರ ತೋಟದ ಬೋರ್‌ವೆಲ್ ಕೇಬಲ್ ಕದ್ದರು. ಒಂದು ಠಾಣೆಗೆ ಹೋದರು, ಹೆಸರು ಬೇಡ. ‘ಸಾಹೇಬ್ರಿಲ್ಲ, ನಾಳೆ ಬನ್ನಿ’ ಅಂದರು. ನಾಲ್ಕು ಸಲ ಹೋದರು. ‘ಕೇಬಲ್ ತಾನೇ, ಹೊಸದು ಹಾಕ್ಕೊಳ್ಳಿ’ ಅಂತ ಬುದ್ಧಿ ಹೇಳಿ ಕಳಿಸಿದರು. ದೂರು ಬರೆದುಕೊಳ್ಳಲೇ ಇಲ್ಲ. ನೀರಿಲ್ಲದೆ ಹಿಪ್ಪುನೇರಳೆ ಬಾಡಿತು, ಆ ಸಲದ ಬೆಳೆ ಹೋಯಿತು. ಅದೇ ವಾರ ಸಿಐಡಿ ನೋಡುತ್ತಾ ಚಿಕ್ಕಪ್ಪ ಅಂದರು: ‘ನೋಡ್ಲಾ, ಇವ್ರನ್ನ ಯಾರೂ ಕರ್ಯಾಕೇ ಹೋಗಿಲ್ಲ. ಆದ್ರೂ ಬಂದವ್ರೆ.’

ಸಿಐಡಿ ನೋಡುವವರಿಗೆ ಕೊಲೆಗಾರ ಯಾರು ಅಂತ ಹತ್ತನೇ ನಿಮಿಷಕ್ಕೇ ಗೊತ್ತಾಗಿರುತ್ತೆ. ಅವರು ನೋಡುವುದು ಬಂದವರನ್ನು. ಸತ್ತವನು ಕೂಲಿಯವನಾದರೂ ಎಸಿಪಿಯೇ ಬರುತ್ತಾರೆ, ಕಾಸು ಕೇಳಲ್ಲ, ನಾಳೆ ಬನ್ನಿ ಅನ್ನಲ್ಲ. ಅಂಥ ಒಬ್ಬರನ್ನು ಬಾಂಬಿಟ್ಟು ಕೊಂದರೆ ಜನ ಸುಮ್ಮನಿರಲ್ಲ. ಚಿಕ್ಕಮ್ಮ ಹಿರೀಕ ಅಂದದ್ದು ಇದಕ್ಕೇ.

ಆದರೆ ಈ ಪ್ರೀತಿಗೆ ಇನ್ನೊಂದು ಮುಖ ಇದೆ, ಅದನ್ನು ಹೇಳದೆ ಬಿಡಲಾರೆ. ಸಿಐಡಿಯಲ್ಲಿ ಕೋರ್ಟೇ ಇಲ್ಲ. ದಯಾ ಕೆನ್ನೆಗೆ ಬಾರಿಸುತ್ತಾನೆ, ಆರೋಪಿ ಒಪ್ಪಿಕೊಳ್ಳುತ್ತಾನೆ, ಇನ್ನು ನೇಣೇ ಗತಿ ಅಂತ ಪ್ರದ್ಯುಮನ್ ಹೇಳಿದರೆ ಮುಗಿಯಿತು. ನಿಜದಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೇ ಈ ನಿಯಮ ಇತ್ತು, ಹೊಸ ಕಾಯ್ದೆಯಲ್ಲೂ ಇದೆ. ಹೊಡೆದರೆ ಯಾರು ಏನನ್ನಾದರೂ ಒಪ್ಪಿಕೊಳ್ಳುತ್ತಾರೆ ಅಂತ ಆ ಕಾಲದವರಿಗೂ ಗೊತ್ತಿತ್ತು. ಸಾಳುಂಕೆ ಡಾಕ್ಟರು ಕಾಫಿ ಆರುವ ಮೊದಲು ಕೊಡುವ ವರದಿಗೆ ನಮ್ಮ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಎಷ್ಟೋ ದಿನ ಕಾಯಬೇಕಾಗುತ್ತೆ.

2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ, ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಅಲ್ಲೇ ಪೊಲೀಸರ ಮೇಲೆ ಹೂವು ಸುರಿದರು. ನಮ್ಮೂರಿನಲ್ಲೂ ಸಿಹಿ ಹಂಚಬೇಕು ಅಂದವರಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಅಂತ ಹೇಳಿತು. ಹೂವು ಸುರಿದವರಲ್ಲಿ ಎಷ್ಟು ಮಂದಿ ಆ ವರದಿಯ ಸುದ್ದಿ ಓದಿದರೋ! 1975ರಲ್ಲಿ ಸೆನ್ಸಾರ್ ಮಂಡಳಿ ಬೇಡ ಅಂದ ಅಂತ್ಯವನ್ನು ನಾವು ನಿಜ ಜೀವನದಲ್ಲಿ ನೋಡಿ ಚಪ್ಪಾಳೆ ಹೊಡೆದೆವು.

ಬಾಗಿಲು ತಟ್ಟಿ ತಟ್ಟಿ ಸಾಕಾದವರಿಗೆ ಬಾಗಿಲು ಒಡೆಯುವವನು ದೇವರ ಹಾಗೆ ಕಾಣುತ್ತಾನೆ. ಅದು ಅರ್ಥವಾಗುತ್ತೆ. ಆದರೆ ಅವನು ಒಡೆಯುವ ಬಾಗಿಲು ಯಾವತ್ತೂ ಬೇರೆಯವರದ್ದೇ ಆಗಿರುತ್ತೆ ಅಂತ ಗ್ಯಾರಂಟಿ ಏನು? ಸಿ.ಎಸ್.ಪಿ.ಯ ನಿಧಾನದ ಪಾಟೀಸವಾಲು ನಮಗೆ ಕಲಿಸಿದ್ದು ಇದನ್ನೇ. ಅಂಥ ಧಾರಾವಾಹಿಯನ್ನೂ ಇದೇ ಜನ, ಇದೇ ನಡುಮನೆಯಲ್ಲಿ, ಇಷ್ಟೇ ಆಸ್ಥೆಯಿಂದ ನೋಡಿದ್ದರು. ನೋಡುಗರಿಗೆ ಬುದ್ಧಿ ಇಲ್ಲ ಅನ್ನುವವರು ಅದನ್ನು ನೆನಪಿಟ್ಟುಕೊಳ್ಳಲಿ.

ಕೊನೆಗೊಂದು ಲೆಕ್ಕ. ನೋಡುಗರು ಹಟ ಹಿಡಿದರೆ ಸತ್ತ ಎಸಿಪಿಯನ್ನೂ ಎಬ್ಬಿಸಬಹುದು ಅಂತ ಈ ಸೀಸನ್ ತೋರಿಸಿತು. ಅದರ ಕಾಲು ಭಾಗದ ಹಟ ಠಾಣೆಯಲ್ಲಿ ಸಾಕು. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅದರ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಹೋದ ತಿಂಗಳು ನಮ್ಮ ಬೀದಿಯಲ್ಲಿ ಇನ್ನೊಬ್ಬರ ಕೇಬಲ್ ಹೋಯಿತು. ಈ ಸಲ ಐದು ಜನ ಜೊತೆಗೆ ಹೋದೆವು. ಬರೆದುಕೊಳ್ಳುವವರೆಗೂ ಎದ್ದು ಬರಲಿಲ್ಲ. ಕೇಬಲ್ ಇನ್ನೂ ಸಿಕ್ಕಿಲ್ಲ, ಎಫ್‌ಐಆರ್ ಪ್ರತಿ ಮಾತ್ರ ಅವರ ಮನೆಯ ಟಿವಿ ಸ್ಟ್ಯಾಂಡಿನ ಮೇಲಿದೆ.