‘ಬಿಡುವಿನ ವೇಳೆಯ ಕೆಲಸ’: ಗೃಹಕೃತ್ಯದ ನಡುವಣ ಹೊಲಿಗೆ–ಹೆಣಿಗೆಗಳ ಚರಿತ್ರೆ

ನಮ್ಮ ಶಾಸನಗಳಲ್ಲಿ ಕಾಣಬರುವ ವೃತ್ತಿಗಳ ಪಟ್ಟಿ ಚಿಕ್ಕದಲ್ಲ. ನೇಕಾರರು, ಗಾಣಿಗರು, ಕಮ್ಮಾರರು, ಅಕ್ಕಸಾಲಿಗರು ತೆರಿಗೆ ತೆತ್ತವರಾಗಿಯೋ ದಾನವಿತ್ತವರಾಗಿಯೋ ಅಲ್ಲಿ ಹೆಸರು ಪಡೆದಿದ್ದಾರೆ. ಆದರೆ ಒಲೆಯ ಮೇಲೆ ಎಸರಿಟ್ಟು, ತೊಟ್ಟಿಲನ್ನು ತೂಗುತ್ತ, ಹರಿದ ಸೀರೆಗೆ ತೇಪೆ ಹಾಕಿದ ಗೃಹಿಣಿಯು ತೆರಿಗೆಯ ಲೆಕ್ಕಕ್ಕಾಗಲಿ ದಾನದ ಲೆಕ್ಕಕ್ಕಾಗಲಿ ಸೇರಿದವಳಲ್ಲ. ಅವಳ ಸೂಜಿಯ ಕೆಲಸಕ್ಕೆ ರೂಢಿಯಲ್ಲಿ ಬಂದಿರುವ ಹೆಸರು ‘ಬಿಡುವಿನ ವೇಳೆಯ ಕೆಲಸ’ ಎಂದು. ಈ ಹೆಸರು ಎಷ್ಟರಮಟ್ಟಿಗೆ ಯುಕ್ತವಾದುದು, ಅದರಿಂದ ಒದಗಿದ ಪರಿಣಾಮಗಳೇನು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡದಲ್ಲಿ ಈ ಕೆಲಸಗಳಿಗೆ ಇದಕ್ಕಿಂತ ಗೌರವದ ಹೆಸರೊಂದು ಒಮ್ಮೆ ಇದ್ದಿತು. 12ನೆಯ ಶತಮಾನದ ಶಿವಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಇದ್ದನು, ಕದಿರ ರೆಮ್ಮವ್ವೆಯೂ ಇದ್ದಳು. ಹೊಲಿಯುವ ಗಂಡಸಿನ ಸೂಜಿಯೂ ನೂಲುವ ಹೆಂಗಸಿನ ಕದಿರೂ ಅವರ ದೃಷ್ಟಿಯಲ್ಲಿ ಸಮಾನವಾಗಿ ‘ಕಾಯಕ’ವೇ. ಕೆಲಸ ನಡೆದುದು ಅಂಗಡಿಯಲ್ಲೋ ಮನೆಯ ಪಡಸಾಲೆಯಲ್ಲೋ ಎಂಬ ಭೇದವು ಆ ಶಬ್ದದಲ್ಲಿ ಇಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಮನೆಯ ಸೂಜಿಕೆಲಸದ ಮುಖ್ಯ ಲಕ್ಷಣವು ಅದರ ವಿಚ್ಛಿನ್ನತೆ. ಅದು ಒಂದೇ ಪಟ್ಟಿಗೆ ಸಾಗುವುದಿಲ್ಲ. ಮಗು ಅತ್ತರೆ, ಹಾಲು ಉಕ್ಕಿದರೆ, ಅತಿಥಿಗಳು ಬಂದರೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏಳಲೇಬೇಕು. ಆದುದರಿಂದ ನಡುವೆ ನಿಂತರೂ ಕೆಡದಂತಹ ಕೆಲಸಗಳೇ ಮನೆಯಲ್ಲಿ ಬೇರೂರಿದುವೆಂದು ಊಹಿಸಲು ಅವಕಾಶವಿದೆ. ಧಾರವಾಡ ಸೀಮೆಯ ಕಸೂತಿಯನ್ನು ನೋಡಬಹುದು. ಇಳಕಲ್ಲ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಆನೆ, ಗಿಳಿ ಮುಂತಾದುವನ್ನು ಬಿಡಿಸುವಾಗ ಚಿತ್ರವನ್ನು ಮೊದಲು ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಹೊಲಿಯುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿಯು ಹೋಗುವಾಗ ಒಂದು ಎಡೆ ಬಿಟ್ಟು ಒಂದು ಎಡೆ ತುಂಬಿ, ಮರಳುವಾಗ ಬಿಟ್ಟುದನ್ನೆಲ್ಲ ತುಂಬುವುದು. ಗಂಟು ಹಾಕದೆ ಮಾಡುವ ಈ ಹೊಲಿಗೆಯು ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದೇ ಸಮನಾಗಿ ಕಾಣುತ್ತದೆ. ಎದ್ದು ಹೋದವಳು ಸಂಜೆಗೆ ಮರಳಿದರೆ, ಎಲ್ಲಿಂದ ಮುಂದುವರಿಸಬೇಕೆಂಬುದನ್ನು ತುಂಬದೆ ಉಳಿದ ಎಡೆಗಳೇ ಹೇಳುತ್ತವೆ. ಎಣಿಕೆ ಮಾತ್ರ ಅವಳ ತಲೆಯಲ್ಲಿ ಉಳಿದಿರಬೇಕು.

ಕೌದಿಯ ಮಾತೂ ಹೀಗೆಯೇ. ಹಳೆಯ ಸೀರೆ, ಧೋತರ, ಕುಬಸಗಳ ತುಂಡುಗಳನ್ನು ಪದರಪದರವಾಗಿ ಇಟ್ಟು ಸಾಲುಹೊಲಿಗೆಯಿಂದ ಬಂಧಿಸುವ ಈ ಹೊದಿಕೆಯನ್ನು ಎಷ್ಟು ದಿನ ಬೇಕಾದರೂ ಮಡಿಸಿಟ್ಟು ಮತ್ತೆ ಹರಡಿಕೊಳ್ಳಬಹುದು. ಉತ್ತರ ಕನ್ನಡದ ಸಿದ್ದಿ ಜನಾಂಗದ ಹೆಂಗಸರು ತಮ್ಮ ಕವಂದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮುಕ್ಕೋನದ ತುಂಡುಗಳನ್ನು ಒಂದರ ಮೇಲೊಂದಿಟ್ಟು ‘ಫೂಲ್’ ಅಂದರೆ ಹೂ ಕೂಡಿಸುತ್ತಾರೆ. ಆ ಹೂವಿಗೆ ಬೆಚ್ಚಗಿಡುವ ಪ್ರಯೋಜನವೇನೂ ಇಲ್ಲ. ಆದರೂ ಅದಿಲ್ಲದ ಕವಂದಿಯು ಪೂರ್ಣವಾದುದಲ್ಲ. ಅವಸರದ ಬಾಳಿನಲ್ಲಿಯೂ ಅಂದಕ್ಕೆಂದು ಮೀಸಲಿಟ್ಟ ಭಾಗವೊಂದು ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೆಣಿಗೆಯ ಚರಿತ್ರೆಗಾಗಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳತ್ತ ನೋಡಬೇಕು. ಅಲ್ಲಿಯ ಗಂಡಸರು ಮೀನುಗಾರಿಕೆಗಾಗಿ ಕಡಲಿಗೆ ಹೋದಾಗ ಹೊಲ, ದನ, ಮಕ್ಕಳು, ಉರುವಲು ಎಲ್ಲವೂ ಹೆಂಗಸರ ಪಾಲು. ಒಲೆಗೆ ಬೇಕಾದ ಜೌಗುನೆಲದ ಮಣ್ಣಿನ ಹೆಂಟೆಗಳನ್ನು ಬುಟ್ಟಿಯಲ್ಲಿ ಬೆನ್ನಿಗೆ ಹೊತ್ತು ನಡೆಯುತ್ತಲೇ ಅವರು ಉಣ್ಣೆಯನ್ನು ಹೆಣೆಯುತ್ತಿದ್ದರು. ತೂತುಗಳಿರುವ ತೊಗಲಿನ ಪಟ್ಟಿಯೊಂದನ್ನು ಸೊಂಟಕ್ಕೆ ಕಟ್ಟಿ, ಕಡ್ಡಿಯ ತುದಿಯನ್ನು ಅದರಲ್ಲಿ ಸಿಕ್ಕಿಸಿಕೊಂಡರೆ ನಡೆಯುವಾಗಲೂ ಕಡ್ಡಿ ಅಲುಗುತ್ತಿರಲಿಲ್ಲ. ಇಷ್ಟು ದುಡಿದರೂ ಕೈಗೆ ಬಂದುದೇನು? ಹೆಣೆದ ಶಾಲು, ಕಾಲುಚೀಲಗಳಿಗೆ ಪ್ರತಿಯಾಗಿ ವರ್ತಕರು ಹಣ ಕೊಡುವ ಬದಲು ತಮ್ಮ ಅಂಗಡಿಯ ಚಹವನ್ನೋ ಬಟ್ಟೆಯನ್ನೋ ಕೊಡುತ್ತಿದ್ದರು. ಈ ಪದ್ಧತಿಯನ್ನು ವಿಚಾರಿಸಲು ನೇಮಕವಾದ ಆಯೋಗದ ವರದಿಯು 1872ರಲ್ಲಿ ಪ್ರಕಟವಾಯಿತು. ಅನೇಕ ಹೆಣಿಗೆಯ ಹೆಂಗಸರು ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಗೃಹಿಣಿಯ ಕೈಗೆಲಸವು ಅವಳ ಮಾತಿನಲ್ಲಿಯೇ ಸರಕಾರಿ ದಾಖಲೆಗೆ ಸೇರಿದ ವಿರಳ ಸಂದರ್ಭಗಳಲ್ಲಿ ಇದೂ ಒಂದು.

ಇಷ್ಟರಲ್ಲಿ ಹೊಲಿಗೆಯಂತ್ರವು ಬಂದಿತ್ತು. ಅಮೆರಿಕದಲ್ಲಿ ಎಲಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. 1850ರ ದಶಕದಲ್ಲಿಯೇ ಸಿಂಗರ್ ಸಂಸ್ಥೆಯು ಕಂತಿನ ಮೇಲೆ ಯಂತ್ರ ಮಾರುವ ಕ್ರಮವನ್ನು ಆರಂಭಿಸಿದುದರಿಂದ ಅದು ಸಾಮಾನ್ಯ ಸಂಸಾರಗಳಿಗೂ ನಿಲುಕಿತು. ಯಂತ್ರಗಳನ್ನೇ ಸಂದೇಹದಿಂದ ನೋಡುತ್ತಿದ್ದ ಗಾಂಧೀಜಿಯವರು 1924ರಲ್ಲಿ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪಕ್ಕೆ ಅಪವಾದವೆಂದು ಎಣಿಸಿದರು. ಕೈಹೊಲಿಗೆಯಲ್ಲಿ ಬೇಸತ್ತ ಹೆಂಡತಿಯ ಮೇಲಣ ಪ್ರೀತಿಯೇ ಅದರ ನಿರ್ಮಾಣಕ್ಕೆ ಪ್ರೇರಣೆಯೆಂಬುದು ಅವರು ಕೊಟ್ಟ ಕಾರಣ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ಕಾರ್ಖಾನೆಯಿಂದ ‘ಉಷಾ’ ಯಂತ್ರವು ಹೊರಬಂದ ಮೇಲೆ ಸ್ವದೇಶಿಯ ಯಂತ್ರವೂ ದೊರೆಯುವಂತಾಯಿತು.

ಯಂತ್ರವು ಹೊಲಿಗೆಯ ವೇಳೆಯನ್ನು ಉಳಿಸಿತೆಂಬುದು ನಿಜ. ಆದರೆ ಉಳಿದ ವೇಳೆ ಗೃಹಿಣಿಗೆ ದಕ್ಕಿತೆ? ಅಳತೆ, ಕತ್ತರಿಕೆ, ಗುಂಡಿ, ಕಾಜಾ ಇವು ಕೈಗೇ ಉಳಿದುವು. ರವಿಕೆ, ಲಂಗ, ಅಂಗಿ, ಚಡ್ಡಿಗಳೆಂದು ಹೊಲಿದ ಉಡುಪುಗಳ ಸಂಖ್ಯೆಯೂ ಹೆಚ್ಚಿತು. ಅಲ್ಲದೆ ಕೌದಿಯಂತೆ ಯಂತ್ರವನ್ನು ಮಡಿಸಿಡಲು ಬರುವುದಿಲ್ಲ. ಕಾಲಿನಿಂದ ತುಳಿಯುವ ಯಂತ್ರದ ಬಳಿ ಕುಳಿತವಳು ತೊಟ್ಟಿಲನ್ನು ತೂಗಲಾರಳು.

‘ಬಿಡುವು’ ಎಂಬ ಮಾತಿನಿಂದಾದ ನಷ್ಟವು ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 19ನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕೊಕ್ಕೆಸೂಜಿಯ ಲೇಸು ಅಲ್ಲಿ ಮನೆಮನೆಯ ಉದ್ಯೋಗವಾಗಿ ಬೆಳೆದು ವಿದೇಶಗಳಿಗೆ ರಫ್ತಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಉದ್ಯೋಗದ ಒಳಗುಟ್ಟನ್ನು ವಿವರಿಸಿದರು. ವ್ಯಾಪಾರದ ಲಾಭ ಗಂಡಸರದಾಗಿತ್ತು; ದಿನದಲ್ಲಿ ಹಲವು ಗಂಟೆ ಹೆಣೆಯುತ್ತಿದ್ದ ಹೆಂಗಸರು ಮಾತ್ರ ‘ಮನೆಯಲ್ಲಿ ಕುಳಿತು ಬಿಡುವು ಕಳೆಯುವ ಗೃಹಿಣಿಯರು’ ಎನಿಸಿದರು. ಬಿಡುವಿನ ಕೆಲಸಕ್ಕೆ ಪೂರ್ಣ ಕೂಲಿ ಏತಕ್ಕೆ ಎಂಬ ತರ್ಕವು ಅವರ ಸಂಬಳವನ್ನು ತೀರ ಕೆಳಮಟ್ಟದಲ್ಲಿ ಇರಿಸಿತು. ಅಂದರೆ ಹೆಸರೇ ಇಲ್ಲಿ ಬೆಲೆಯನ್ನು ನಿರ್ಣಯಿಸಿತು. ಮನೆಯಲ್ಲಿ ಕುಳಿತು ದುಡಿಯುವವರಿಗೂ ಇತರ ಕೂಲಿಕಾರರ ಸಮಾನವಾದ ನಡವಳಿಕೆ ಸಲ್ಲಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಒಡಂಬಡಿಕೆ ಮಾಡಿದುದು 1996ರಲ್ಲಿ.

ಇಂದಿನ ಲೆಕ್ಕಪತ್ರಗಳೂ ಈ ತೊಡಕಿನಿಂದ ಪಾರಾಗಿಲ್ಲ. ರಾಷ್ಟ್ರೀಯ ಉತ್ಪನ್ನದ ಲೆಕ್ಕದ ನಿಯಮದಂತೆ ಮನೆಯವರಿಗಾಗಿ ಹೊಸ ರವಿಕೆ ಹೊಲಿದರೆ ಅದು ‘ಉತ್ಪಾದನೆ’. ಹಳೆಯ ರವಿಕೆಗೆ ತೇಪೆ ಹಾಕಿದರೆ ಅದು ಲೆಕ್ಕದ ಹೊರಗಿನ ‘ಗೃಹಕೃತ್ಯ’. ಒಂದೇ ಕೈ, ಒಂದೇ ಸೂಜಿ, ಪ್ರಾಯಶಃ ಒಂದೇ ಮಧ್ಯಾಹ್ನ! ಭಾರತದಲ್ಲಿ 2019ರಲ್ಲಿ ನಡೆದ ಸಮಯ ವಿನಿಯೋಗ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಗೃಹಕೃತ್ಯದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಿಸಿದರು. ಇಂತಹ ದಿನದಲ್ಲಿ ಉಳಿದುದನ್ನು ಬಿಡುವೆಂದು ಕರೆಯುವುದು ಶಬ್ದದ ದುರುಪಯೋಗವಲ್ಲದೆ ಮತ್ತೇನೂ ಅಲ್ಲ.

ಹೀಗೆಂದ ಮಾತ್ರಕ್ಕೆ ಸೂಜಿಯ ಕೆಲಸವೆಲ್ಲ ಬರಿಯ ದುಡಿತವೆಂದು ಹೇಳಿದಂತಾಗಲಿಲ್ಲ. ಕವಂದಿಯ ಮೂಲೆಯ ಹೂ, ಕಸೂತಿಯ ತೇರು ಮನಸ್ಸಿನ ಉಲ್ಲಾಸಕ್ಕೆ ಸಾಕ್ಷಿಯಾಗಿವೆ. ಆದರೆ ಸಂತೋಷದಿಂದ ಮಾಡಿದ ಕೆಲಸವೂ ಕೆಲಸವೇ; ಶರಣರು ಕಾಯಕವೆಂದಾಗ ಇವೆರಡನ್ನೂ ಬೇರ್ಪಡಿಸಿರಲಿಲ್ಲ. ಇಂತಹ ಚರಿತ್ರೆಗೆ ಬೇಕಾದ ಆಕರಗಳು ದೂರದ ಭಂಡಾರಗಳಲ್ಲಿ ಮಾತ್ರವೇ ಇವೆಯೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ತಮ್ಮ ಮನೆಯ ಅಟ್ಟದ ಮೇಲಿನ ಕೌದಿಯನ್ನು ಕೆಳಗಿಳಿಸಿ, ಯಾವ ತುಂಡು ಯಾರ ಸೀರೆಯದು, ಯಾವ ವರ್ಷ ಯಾವ ಕೆಲಸಗಳ ನಡುವೆ ಅದನ್ನು ಹೊಲಿದರು ಎಂದು ಅಜ್ಜಿಯನ್ನು ಕೇಳಿ ಬರೆದುಕೊಂಡರೆ ಸಾಕು. ಶಾಸನವು ಕಲ್ಲಿನಲ್ಲಿ ಉಳಿಯುತ್ತದೆ, ಈ ಸಾಕ್ಷ್ಯವು ಬಟ್ಟೆಯಲ್ಲಿದೆ. ಅದು ಸವೆದುಹೋಗುವ ಮುನ್ನ ಓದಿಕೊಳ್ಳಬೇಕಾಗಿದೆ.